ಕೊತೊ, ಶಮಿಸೆನ್, ಶಕುಹಾಚಿ: ಮೂವರು ಜಪಾನಿ ಕಲಾವಿದರನ್ನು ನಿಮ್ಮೂರಿಗೆ ಕರೆಸುವ ಮುನ್ನ

ಆ ಸಂಜೆ ಹೀಟರ್ ಹಾಕಿಸಿದ್ದು ನಾನೇ. ಟೊರಾಂಟೊದಲ್ಲಿ ಜನವರಿ, ಹೊರಗೆ ಹಿಮ. ಕಲಾವಿದರಿಗೆ ಚಳಿಯಾಗದಿರಲಿ ಅಂತ ಮಧ್ಯಾಹ್ನದಿಂದಲೇ ಅವರ ಕೋಣೆಯನ್ನು ಬೆಚ್ಚಗೆ ಮಾಡಿಸಿದ್ದೆ. ಸಂಗೀತ ಕಛೇರಿಗೆ ಇನ್ನು ನಲವತ್ತು ನಿಮಿಷ ಇದ್ದಾಗ ಒಳಗಿಂದ 'ಟಪ್' ಎಂದು ಒಂದು ಸದ್ದು ಬಂತು. ಶಮಿಸೆನ್ ಎಂಬ ತಂತಿವಾದ್ಯದ ಚರ್ಮದ ಮುಚ್ಚಿಗೆ ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ. ಒಣಗಾಳಿಯೊಂದೇ ಸಾಕಾಗಿತ್ತು. ಕಲಾವಿದೆ ಏನೂ ಮಾತಾಡದೆ ಪೆಟ್ಟಿಗೆಯಿಂದ ಎರಡನೇ ವಾದ್ಯ ತೆಗೆದು ಶ್ರುತಿ ಮಾಡತೊಡಗಿದರು. ನನಗೆ ಮಾತ್ರ ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ.

ಜಪಾನಿನ ಸಾಂಪ್ರದಾಯಿಕ ಸಂಗೀತದ ಸಣ್ಣ ತಂಡವೊಂದನ್ನು ಹೊರದೇಶದಲ್ಲಿ ನುಡಿಸಲು ಕರೆಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಲೈಬ್ರರಿ ಸಭಾಂಗಣ, ಕಾಲೇಜು, ಬಡಾವಣೆಯ ಸಾಂಸ್ಕೃತಿಕ ಸಂಘ, ಹೀಗೆ ಎಲ್ಲಿ ಬೇಕಾದರೂ ಇದು ಆಗುತ್ತದೆ. ದೊಡ್ಡ ದುಡ್ಡು ಬೇಕಿಲ್ಲ. ಆದರೆ ಗಾಳಿಯನ್ನೂ ಮೌನವನ್ನೂ ಕಾಯುವ ತಾಳ್ಮೆ ಬೇಕು. ಪೋಸ್ಟರ್, ಹೂವು, ಭಾಷಣ ಎಲ್ಲ ಆಮೇಲೆ.

1. ಯಾರು ಬರುತ್ತಿದ್ದಾರೆ ಅಂತ ಮೊದಲು ತಿಳಿಯಿರಿ

ಇಂಥ ತಂಡಗಳಲ್ಲಿ ಹೆಚ್ಚಾಗಿ ಮೂರು ವಾದ್ಯ ಇರುತ್ತವೆ. ಈ ಮೇಳಕ್ಕೆ 'ಸಾಂಕ್ಯೊಕು' ಎಂದು ಹೆಸರು. 'ಸಾನ್' ಎಂದರೆ ಮೂರು.

ಕೊತೊ ನೆಲದ ಮೇಲೆ ಮಲಗಿಸಿದ ಉದ್ದನೆಯ ತಂತಿವಾದ್ಯ. ಸುಮಾರು 180 ಸೆಂಟಿಮೀಟರ್ ಉದ್ದ, 13 ತಂತಿ. ಪೌಲೋನಿಯಾ ಎಂಬ ಹಗುರ ಮರದ್ದು. ನಮ್ಮ ವೀಣೆಗೆ ತಂತಿಗಳನ್ನು ಎತ್ತಿ ಹಿಡಿಯುವ ಒಂದು ಕುದುರೆ ಇದ್ದರೆ ಇಲ್ಲಿ ತಂತಿಗೊಂದರಂತೆ 13 ಕುದುರೆಗಳಿವೆ. ಅವನ್ನು ಅಂಟಿಸಿರುವುದಿಲ್ಲ, ತಂತಿಯ ಬಿಗಿಯಲ್ಲೇ ಸುಮ್ನೆ ನಿಂತಿರುತ್ತವೆ. ಕುದುರೆ ಸರಿಸಿದರೆ ಶ್ರುತಿ ಬದಲಾಗುತ್ತದೆ. ಬಲಗೈಯ ಮೂರು ಬೆರಳಿಗೆ ನಖ ತೊಟ್ಟು ಮೀಟುತ್ತಾರೆ. ಎಡಗೈಯಲ್ಲಿ ಕುದುರೆಯ ಆಚೆ ಬದಿಯ ತಂತಿಯನ್ನು ಒತ್ತಿ ಸ್ವರ ಏರಿಸುತ್ತಾರೆ. ಆ ಒತ್ತು ಕೇಳಿದಾಗ ನಮ್ಮ ಕಿವಿಗೆ ಗಮಕದ ನೆನಪಾಗದೆ ಇರದು.

ಶಮಿಸೆನ್ ಮೂರು ತಂತಿಯ, ಮೆಟ್ಟಿಲ್ಲದ, ಉದ್ದ ಕತ್ತಿನ ವಾದ್ಯ. ಬೀಸಣಿಗೆಯಂತೆ ಅಗಲವಾದ 'ಬಚಿ'ಯಿಂದ ತಂತಿಯನ್ನೂ ಚರ್ಮವನ್ನೂ ಒಟ್ಟಿಗೆ ಹೊಡೆಯುತ್ತಾರೆ. ದಪ್ಪ ತಂತಿ ಕತ್ತಿಗೆ ಸ್ವಲ್ಪ ತಾಗಿ ಝೇಂಕರಿಸುವಂತೆ ಬೇಕೆಂದೇ ಮಾಡಿರುತ್ತಾರೆ. ಅದಕ್ಕೆ 'ಸವಾರಿ' ಎನ್ನುತ್ತಾರೆ. ತಂಬೂರಿಯ ಜೀವಾಳಿ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧ್ವನಿವರ್ಧಕ ನೋಡಿಕೊಳ್ಳುವ ಹುಡುಗನಿಗೆ ಮಾತ್ರ ಮೊದಲೇ ಹೇಳಿ. ಇಲ್ಲದಿದ್ದರೆ ವೈರ್ ಕೆಟ್ಟಿದೆ ಅಂದುಕೊಂಡು ಅದನ್ನು ಸರಿಮಾಡಲು ಹೊರಡುತ್ತಾನೆ.

ಶಕುಹಾಚಿ ಬಿದಿರಿನ ಬುಡದಿಂದ ಮಾಡಿದ, ನೆಟ್ಟಗೆ ಹಿಡಿದು ಊದುವ ಕೊಳಲು. ಜಪಾನಿನ ಹಳೆಯ ಲೆಕ್ಕದಲ್ಲಿ ಒಂದು ಶಾಕು, ಎಂಟು ಸುನ್ ಅಳತೆಯದ್ದು, ಅಂದರೆ ಸುಮಾರು 54.5 ಸೆಂಟಿಮೀಟರ್. ಹೆಸರು ಬಂದದ್ದೇ ಆ ಅಳತೆಯಿಂದ, 'ಹಾಚಿ' ಎಂದರೆ ಎಂಟು. ಐದೇ ತೂತು. ಉಳಿದ ಸ್ವರಗಳನ್ನೆಲ್ಲ ತಲೆಯನ್ನು ಏರಿಸಿ ಇಳಿಸಿ, ತೂತನ್ನು ಅರ್ಧ ಮುಚ್ಚಿ ತೆಗೆಯುತ್ತಾರೆ.

ಈ ಮೂರೂ ಒಂದೇ ಮೇಳದಲ್ಲಿ ಕೂತದ್ದರ ಹಿಂದೆ ಒಂದು ಕಥೆ ಇದೆ. ಕೊತೊ ಮತ್ತು ಶಮಿಸೆನ್‌ನ ಈ ಪರಂಪರೆ ಕಣ್ಣಿಲ್ಲದ ಸಂಗೀತಗಾರರ ಸಂಘದ ಕೈಯಲ್ಲಿತ್ತು. ಶಕುಹಾಚಿ ಫುಕೆ ಪಂಥದ ಝೆನ್ ಸನ್ಯಾಸಿಗಳದ್ದಾಗಿತ್ತು, ಮುಖ ಮುಚ್ಚುವ ಬುಟ್ಟಿಟೋಪಿ ಹಾಕಿಕೊಂಡು ಅವರು ಊದುತ್ತಾ ಭಿಕ್ಷೆಗೆ ಹೋಗುತ್ತಿದ್ದರು. 1871ರಲ್ಲಿ ಮೆಯ್ಜಿ ಸರ್ಕಾರ ಆ ಸಂಘ, ಈ ಪಂಥ ಎರಡನ್ನೂ ರದ್ದು ಮಾಡಿತು. ಅಲ್ಲಿಂದಾಚೆ ಶಕುಹಾಚಿ ಎಲ್ಲರ ವಾದ್ಯವಾಯಿತು. ಮೇಳದಲ್ಲಿ ಮೊದಲು ಕಮಾನಿನಿಂದ ನುಡಿಸುವ ಕೊಕ್ಯೂ ಇರುತ್ತಿದ್ದ ಜಾಗವನ್ನು ನಿಧಾನಕ್ಕೆ ಇದು ತುಂಬಿತು. ಕಾರ್ಯಕ್ರಮದ ಪರಿಚಯದಲ್ಲಿ ಈ ನಾಲ್ಕು ಮಾತು ಹೇಳಿದರೆ ಸಾಕು, ಜನ ಬೇರೆಯೇ ಗಮನ ಕೊಟ್ಟು ಕೇಳುತ್ತಾರೆ.

ತಂಡವನ್ನು ಒಪ್ಪಿಸಿದ ದಿನವೇ ಎರಡು ಪ್ರಶ್ನೆ ಕೇಳಿ. ಕೊತೊ ಕಲಾವಿದರು ಇಕುತಾ ಶೈಲಿಯವರೋ, ಯಾಮದಾ ಶೈಲಿಯವರೋ? ಇಕುತಾದವರ ನಖ ಚೌಕ, ಅವರು ವಾದ್ಯಕ್ಕೆ ಓರೆಯಾಗಿ ಕೂರುತ್ತಾರೆ. ಯಾಮದಾದವರ ನಖದ ತುದಿ ದುಂಡು, ಅವರು ನೇರ ಕೂರುತ್ತಾರೆ. ವೇದಿಕೆಯ ಜಾಗ ಇದರ ಮೇಲೆ ನಿಂತಿದೆ. ಎರಡನೆಯದು, ನೆಲದ ಮೇಲೆ ಕೂರುತ್ತಾರೋ, ಕುರ್ಚಿ ಮೇಲೋ?

2. ಆರು ತಿಂಗಳ ಮುಂಚೆ: ಕಾಗದಪತ್ರ

ಬೇಜಾರಿನ ಕೆಲಸ. ಆದರೆ ಕಾರ್ಯಕ್ರಮ ರದ್ದಾಗುವುದು ಹೆಚ್ಚಾಗಿ ಇಲ್ಲಿಯೇ.

ವೀಸಾ ದೇಶಕ್ಕೊಂದು ಥರ. ಕೆನಡಾಕ್ಕೆ ಜಪಾನಿನ ಪ್ರಜೆಗಳು ವಿಮಾನದಲ್ಲಿ ಬರಲು ಇಟಿಎ ಎಂಬ ಆನ್‌ಲೈನ್ ಅನುಮತಿ ಸಾಕು. ಇಲ್ಲಿನ ಸಂಸ್ಥೆಯ ನೌಕರರಾಗದೆ ಕೆಲವು ದಿನ ನುಡಿಸಿ ಹೋಗುವವರಿಗೆ ಹಲವು ಸಂದರ್ಭಗಳಲ್ಲಿ ವರ್ಕ್ ಪರ್ಮಿಟ್ ಬೇಕಾಗುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಒಂದು ನಾಡಿನ ವಿಶಿಷ್ಟ ಕಲೆ ತರುವವರಿಗೆಂದೇ ಪಿ-3 ವೀಸಾ ಇದೆ, ಅದಕ್ಕೆ ಅಲ್ಲಿನವರೇ ಮೊದಲು ಅರ್ಜಿ ಹಾಕಬೇಕು. ಟೊರಾಂಟೊ ಆದ ಮೇಲೆ ಹಾಗೇ ಗಡಿಯಾಚೆ ಅಮೆರಿಕದ ಬಫಲೋದಲ್ಲೂ ಒಂದು ಕಛೇರಿ ಮಾಡಿಬಿಡೋಣ ಅಂತ ಕೊನೇ ಗಳಿಗೆಯಲ್ಲಿ ಹೊರಡಬೇಡಿ. ಗಡಿ ದಾಟಿದ ಕೂಡಲೇ ನಿಯಮ ಬೇರೆ.

ಗೌರವಧನದ ತೆರಿಗೆಯನ್ನೂ ಮೊದಲೇ ಹೇಳಿಬಿಡಿ. ಹೊರದೇಶದವರು ಕೆನಡಾದಲ್ಲಿ ಮಾಡಿದ ಕೆಲಸಕ್ಕೆ ಕೊಡುವ ಹಣದಲ್ಲಿ 15 ಶೇಕಡಾ ತೆರಿಗೆ ಹಿಡಿಯಬೇಕು. ಕವರ್ ಕೈಗೆ ಕೊಡುವಾಗ ಈ ಮಾತು ಎತ್ತಿದರೆ ಇಬ್ಬರಿಗೂ ಮುಜುಗರ.

ವಾದ್ಯಗಳಿಗೆ ಎಟಿಎ ಕಾರ್ನೆಟ್ ಮಾಡಿಸಿ ಎಂದು ತಂಡಕ್ಕೆ ಹೇಳಿ. ಇದು ವಾದ್ಯಗಳ ಪಾಸ್‌ಪೋರ್ಟ್ ಇದ್ದ ಹಾಗೆ. ಒಂದು ವರ್ಷದವರೆಗೆ ನಡೆಯುತ್ತದೆ. ಇದಿದ್ದರೆ ಕಸ್ಟಮ್ಸ್‌ನಲ್ಲಿ ಸುಂಕದ ಪ್ರಶ್ನೆ ಏಳುವುದಿಲ್ಲ. ನಖ, ಬಚಿ, ಸ್ಟ್ಯಾಂಡ್ ಎಲ್ಲವೂ ಪಟ್ಟಿಯಲ್ಲಿ ಇರಬೇಕು.

ಇನ್ನು ದಂತದ ವಿಷಯ. ಹಳೆಯ ಒಳ್ಳೆಯ ಕೊತೊ ಕುದುರೆಗಳು, ನಖಗಳು, ಶಮಿಸೆನ್ ಬಚಿ, ಬಿರಡೆ ಎಲ್ಲ ಆನೆದಂತದವು. ಕೆಲವು ಬಚಿಗಳ ತುದಿಗೆ ಕಡಲಾಮೆ ಚಿಪ್ಪು ಇರುತ್ತದೆ. ಎರಡೂ, ಅಳಿವಿನಂಚಿನ ಪ್ರಾಣಿ ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿವೆ. ವಾದ್ಯಗಳಿಗೆಂದು ಮೂರು ವರ್ಷದವರೆಗಿನ ಪ್ರಮಾಣಪತ್ರ ಪಡೆಯಬಹುದು. ಆದರೂ ನನ್ನ ಸಲಹೆ ಒಂದೇ: ದಂತದ್ದನ್ನು ಮನೆಯಲ್ಲೇ ಬಿಟ್ಟು ಪ್ಲಾಸ್ಟಿಕ್ ಕುದುರೆ, ಪ್ಲಾಸ್ಟಿಕ್ ನಖ ತನ್ನಿ ಎಂದು ಕೇಳಿ. ನಾದದಲ್ಲಿ ವ್ಯತ್ಯಾಸ ಇದೆ ಅಂತ ಕಲಾವಿದರು ಹೇಳುತ್ತಾರೆ, ಅದು ನಿಜ. ಆದರೆ ವಿಮಾನ ನಿಲ್ದಾಣದಲ್ಲಿ ವಶವಾದ ಬಚಿ ವಾಪಸ್ ಬರುವುದು ಕಷ್ಟ.

ಇಲ್ಲಿ ನಮಗೆ ಹತ್ತಿರದ ಒಂದು ವಿಷಯ ಇದೆ. ಉತ್ತಮ ಶಮಿಸೆನ್‌ನ ಕತ್ತು 'ಕೋಕಿ' ಎಂಬ ಕೆಂಪು ಮರದ್ದು. ಅದು ಬೇರೇನಲ್ಲ, ನಮ್ಮ ರಕ್ತಚಂದನ! ಶೇಷಾಚಲದ ಬೆಟ್ಟಗಳಲ್ಲಿ ಬೆಳೆಯುವ ಮರ ಜಪಾನಿನ ಹಾಡಿಗೆ ಬೆನ್ನೆಲುಬಾಗಿದೆ. ಈ ಮರವೂ 1995ರಿಂದ ಸೈಟಿಸ್ ಪಟ್ಟಿಯಲ್ಲಿದೆ. ಆ ನಿರ್ಬಂಧ ಇರುವುದು ದಿಮ್ಮಿ, ಚಕ್ಕೆ, ಪುಡಿ, ಸಾರಗಳಿಗೆ, ಸಿದ್ಧವಾದ ವಾದ್ಯಕ್ಕಲ್ಲ. ಆದರೂ ಮರದ ಹೆಸರು, ವಾದ್ಯ ಕೊಂಡ ರಸೀದಿ ಕೈಯಲ್ಲಿದ್ದರೆ ಒಳ್ಳೆಯದು. ಅಧಿಕಾರಿಗಳು ಕೇಳಬಹುದು.

3. ಕೊತೊ ಹೇಗೆ ಬರುತ್ತದೆ?

ಶಕುಹಾಚಿ ಕೈಚೀಲದಲ್ಲಿ ಬರುತ್ತದೆ. ಶಮಿಸೆನ್ ಕತ್ತು ಹೆಚ್ಚಾಗಿ ಮೂರು ತುಂಡಾಗಿ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಅದೂ ಕ್ಯಾಬಿನ್‌ನಲ್ಲಿ ಬರಬಹುದು. ಕಷ್ಟ ಕೊತೊಗೆ. ಪೆಟ್ಟಿಗೆ ಸೇರಿ ಸುಮಾರು ಎರಡು ಮೀಟರ್. ದೊಡ್ಡ ವಿಮಾನದಲ್ಲಿ ಅತಿ ಉದ್ದದ ಸಾಮಾನು ಎಂದು ತೆಗೆದುಕೊಳ್ಳುತ್ತಾರೆ. ಮಧ್ಯದಲ್ಲಿ ಸಣ್ಣ ವಿಮಾನಕ್ಕೆ ಬದಲಾಯಿಸುವಾಗ ಅದರ ಬಾಗಿಲಿಗೆ ಹಿಡಿಸುವುದಿಲ್ಲ. ನಮ್ಮ ಒಂದು ಕಾರ್ಯಕ್ರಮಕ್ಕೆ ಕಲಾವಿದರು ಬಂದರು, ಕೊತೊ ಹಿಂದಿನ ನಿಲ್ದಾಣದಲ್ಲೇ ಉಳಿಯಿತು. ಮಾರನೇ ದಿನ ಬಂತು. ಕಛೇರಿ ಇದ್ದದ್ದು ಅದರ ಮಾರನೇ ದಿನ ಆದ್ದರಿಂದ ಬಚಾವಾದೆವು. ಆವತ್ತಿನಿಂದ ನಾನು ಎರಡು ದಿನದ ಅಂತರ ಇಲ್ಲದೆ ತಾರೀಖು ಹಾಕುವುದಿಲ್ಲ.

ಇನ್ನೊಂದು ದಾರಿ, ಊರಲ್ಲೇ ಕೊತೊ ಎರವಲು ಪಡೆಯುವುದು. ಜಪಾನಿ ಸಮುದಾಯ ಇರುವ ದೊಡ್ಡ ಊರುಗಳಲ್ಲಿ ಕಲಿಸುವವರು ಇರುತ್ತಾರೆ. ಟೊರಾಂಟೊದಲ್ಲಾದರೆ ಜಪಾನೀಸ್ ಕೆನಡಿಯನ್ ಕಲ್ಚರಲ್ ಸೆಂಟರ್‌ನಲ್ಲಿ ವಿಚಾರಿಸಬಹುದು. 1972ರಲ್ಲಿ ಶುರುವಾದ ಜಪಾನ್ ಫೌಂಡೇಶನ್‌ನ ಕಚೇರಿ ಇಲ್ಲೂ ಇದೆ, ದೆಹಲಿಯಲ್ಲೂ ಇದೆ. ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ಅವರ ನೆರವಿನ ಯೋಜನೆಗಳಿವೆ, ಅರ್ಜಿಯ ಕೊನೆಯ ದಿನ ನೋಡಿಕೊಳ್ಳಿ. ಎರವಲು ಕೊತೊ ಸಿಕ್ಕರೆ ಅದರ ಫೋಟೋ, ತಂತಿಗಳ ಸ್ಥಿತಿ, ಕುದುರೆಗಳ ಲೆಕ್ಕ ಎಲ್ಲ ತಂಡಕ್ಕೆ ಮೊದಲೇ ಕಳಿಸಿ. ಎರಡು ಕುದುರೆ ಜಾಸ್ತಿ ಇರಲಿ. ನಖ ಮಾತ್ರ ಅವರವೇ ಬೇಕು, ಬೆರಳಿನ ಅಳತೆಗೆ ಮಾಡಿಸಿದ್ದವು.

4. ಸಭಾಂಗಣ, ಗಾಳಿ, ನೆಲ

ದೊಡ್ಡ ಹಾಲ್ ಬೇಡ. ನೂರು, ನೂರೈವತ್ತು ಜನ ಹಿಡಿಸುವ, ಮರದ ನೆಲದ ಕೋಣೆ ಚಿನ್ನದಂಥದ್ದು. ಅಲ್ಲಿ ಮೈಕ್ ಇಲ್ಲದೆ ನುಡಿಸಬಹುದು. ಕೊತೊದ ನಾದರಂಧ್ರಗಳು ಅದರ ಹೊಟ್ಟೆಯ ಕೆಳಗೆ, ಎರಡು ತುದಿಯಲ್ಲಿವೆ. ಹಾಗಾಗಿ ನೆಲವೂ ವಾದ್ಯದ ಒಂದು ಭಾಗ. ದಪ್ಪ ಕಾರ್ಪೆಟ್ ಇದ್ದರೆ ನಾದ ಅಲ್ಲೇ ಮುಳುಗುತ್ತದೆ. ಕಾರ್ಪೆಟ್ ಹಾಲ್ ಒಂದೇ ಸಿಕ್ಕರೆ ಮರದ ಹಲಗೆಯ ವೇದಿಕೆ ಬಾಡಿಗೆಗೆ ತನ್ನಿ. ಕಲಾವಿದರು ನೆಲದ ಮೇಲೆ ಕೂರುವುದಾದರೆ ವೇದಿಕೆ ಅರ್ಧ ಮೀಟರಾದರೂ ಎತ್ತರ ಇರಲಿ, ಇಲ್ಲದಿದ್ದರೆ ಮೂರನೇ ಸಾಲಿನ ಹಿಂದೆ ಯಾರಿಗೂ ಕೈ ಕಾಣದು. ಈ ಸಂಗೀತದಲ್ಲಿ ಕೈ ಕಾಣಬೇಕು. ಅಗಲ ನಾಲ್ಕು ಮೀಟರ್, ಆಳ ಮೂರು ಮೀಟರ್ ಕನಿಷ್ಠ.

ಅವರು ಹಾಸುವ ಕೆಂಪು ಫೆಲ್ಟ್ ಬಟ್ಟೆಯ ಮೇಲೆ ಯಾರೂ ಚಪ್ಪಲಿ ಹಾಕಿ ಕಾಲಿಡಬಾರದು. ನಮ್ಮವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ಲೈಟ್ ಕಟ್ಟಲು ಬರುವವರಿಗೆ ಹೇಳಬೇಕು.

ಈಗ ಗಾಳಿ. ತೇವಾಂಶ ಅಳೆಯುವ ಒಂದು ಹೈಗ್ರೋಮೀಟರ್ ಕೊಳ್ಳಿ, ಹೆಚ್ಚು ಬೆಲೆಯದ್ದಲ್ಲ. ವಾದ್ಯಗಳಿರುವ ಕೋಣೆಯಲ್ಲಿ ತೇವಾಂಶ 45ರಿಂದ 55 ಶೇಕಡಾ ಇದ್ದರೆ ನೆಮ್ಮದಿ. ನಮ್ಮ ಚಳಿಗಾಲದ ಹೀಟರ್ ಕೋಣೆಗಳಲ್ಲಿ ಅದು 30ಕ್ಕಿಂತ ಕೆಳಗೆ ಹೋಗುತ್ತದೆ. ಅಷ್ಟು ಒಣಗಿದರೆ ಚರ್ಮ ಸೀಳುತ್ತದೆ, ಬಿದಿರು ಬಿರಿಯುತ್ತದೆ. ಶಕುಹಾಚಿಯ ಒಳಗೆ ಅರಗಿನ ಲೇಪ ಇದ್ದರೂ ಬಿದಿರು ಬಿದಿರೇ. ಹಿಂದಿನ ದಿನದಿಂದಲೇ ಹ್ಯುಮಿಡಿಫೈಯರ್ ಹಚ್ಚಿ, ಆದರೆ ಅದರ ಹಬೆ ವಾದ್ಯದ ಮೇಲೆ ನೇರ ಬೀಳಬಾರದು. ಬೆಂಗಳೂರು, ಮಂಗಳೂರಿನ ಮಳೆಗಾಲದಲ್ಲಿ ಕರೆಸುವವರಿಗೆ ತೊಂದರೆ ತಿರುಗುಮುರುಗು: ಜಾಸ್ತಿ ತೇವಕ್ಕೂ ಚರ್ಮ ಸಡಿಲವಾಗಿ ಬಿಟ್ಟುಹೋಗಬಹುದು. ಅಲ್ಲಿ ಎಸಿ ಬೇಕು. ಸಾಂಪ್ರದಾಯಿಕವಾಗಿ ಶಮಿಸೆನ್‌ಗೆ ಬೆಕ್ಕಿನ ಅಥವಾ ನಾಯಿಯ ಚರ್ಮ ಹೊದಿಸುತ್ತಾರೆ. ಈಗ ಕೃತಕ ಚರ್ಮವೂ ಇದೆ. ಅದಕ್ಕೆ ಹವೆಯ ಭಯ ಕಡಿಮೆ. ಪ್ರವಾಸಕ್ಕೆ ಅಂಥದ್ದೊಂದು ಜೊತೆಗಿರಲಿ ಎಂದು ಕೇಳಲು ಸಂಕೋಚ ಬೇಡ. ಪ್ರೇಕ್ಷಕರು ಚರ್ಮದ ಬಗ್ಗೆ ಕೇಳಿದರೆ ಮುಚ್ಚಿಡದೆ ಉತ್ತರಿಸಿ.

ಹೊರಗಿನ ಚಳಿಯಿಂದ ಬಂದ ಪೆಟ್ಟಿಗೆಯನ್ನು ತಕ್ಷಣ ತೆರೆಯಬೇಡಿ. ಮೂರು ನಾಲ್ಕು ಗಂಟೆ ಮುಚ್ಚಿದ ಹಾಗೇ ಹಾಲ್‌ನಲ್ಲಿ ಇರಲಿ. ಕಿಟಕಿ, ಹೀಟರ್, ಎಸಿ ಗಾಳಿ ಬರುವ ಜಾಗ, ಸ್ಟೇಜ್ ಲೈಟಿನ ಬುಡ, ಈ ನಾಲ್ಕರಿಂದ ದೂರ.

ಹಾಲ್ ನೋಡಲು ಹೋದಾಗ ಕಣ್ಣು ಮುಚ್ಚಿ ಎರಡು ನಿಮಿಷ ನಿಲ್ಲಿ. ಫ್ರಿಜ್ಜಿನ ಗುಂಯ್, ಗಾಳಿಯ ಪೈಪಿನ ಸುಯ್, ಪಕ್ಕದ ಕೋಣೆಯ ಡ್ಯಾನ್ಸ್ ಕ್ಲಾಸ್, ಎಲ್ಲ ಕೇಳುತ್ತದೆ. ಶಕುಹಾಚಿಯ ಕೊನೆಯ ಉಸಿರು ಇವೆಲ್ಲದಕ್ಕಿಂತ ಮೆಲ್ಲಗೆ. ಅದೂ ಸಂಗೀತವೇ. ಜಪಾನಿಯರು ಸ್ವರ ಮತ್ತು ಸ್ವರದ ನಡುವಿನ ಬಿಡುವಿಗೆ 'ಮಾ' ಎಂದು ಹೆಸರಿಟ್ಟು ಕಾಯುತ್ತಾರೆ. ಆ ಬಿಡುವನ್ನು ಉಳಿಸಿಕೊಡುವ ಕೆಲಸ ಕರೆಸಿದವರದ್ದು. ಕಛೇರಿ ನಡೆಯುವಾಗ ಗಾಳಿಯಂತ್ರ ಆರಿಸಲು ಆಗುತ್ತದಾ ಅಂತ ಮೇಲ್ವಿಚಾರಕರನ್ನು ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ ಅಷ್ಟೆ.

5. ಕಾರ್ಯಕ್ರಮದ ಪಟ್ಟಿ

ಒಂದೂಕಾಲು ಗಂಟೆ, ಮಧ್ಯೆ ವಿರಾಮ. ಇದಕ್ಕಿಂತ ಹೆಚ್ಚು ಬೇಡ. ಹೊಸ ಕಿವಿಗಳು ದಣಿಯುತ್ತವೆ.

ಪಟ್ಟಿ ಮಾಡುವುದು ಕಲಾವಿದರೇ. ಆದರೆ ನಿಮ್ಮ ಊರಿನ ಕೇಳುಗರು ಯಾರು ಎಂದು ಅವರಿಗೆ ತಿಳಿಸಿ. ನಾನು ಸಾಮಾನ್ಯವಾಗಿ ಮೂರು ಬಗೆ ಇರಲಿ ಎಂದು ಕೇಳುತ್ತೇನೆ. ಒಂದು, 'ರೊಕುದಾನ್'. 17ನೇ ಶತಮಾನದ ಯತ್ಸುಹಾಶಿ ಕೆಂಗ್ಯೊ ಹೆಸರಿನಲ್ಲಿ ಬಂದ ಕೊತೊ ರಚನೆ. ಆರು ಭಾಗ, ಒಂದೊಂದೂ ಹೆಚ್ಚೂಕಡಿಮೆ ಒಂದೇ ಅಳತೆಯದ್ದು. ವಿಳಂಬದಲ್ಲಿ ಶುರುವಾಗಿ ವೇಗ ಏರುತ್ತಾ ಹೋಗಿ ಕೊನೆಗೆ ಮತ್ತೆ ನಿಧಾನವಾಗುತ್ತದೆ. ಅದರ ಶ್ರುತಿಕ್ರಮ ಹಿರಾಜೋಶಿ. ಧಾರವಾಡದ ಕಡೆಯ ಕಿವಿಗೆ ಗುಣಕಲಿ ರಾಗದ ಸ್ವರಗಳು ಕಂಡಾವು: ಷಡ್ಜ, ಕೋಮಲ ರಿಷಭ, ಮಧ್ಯಮ, ಪಂಚಮ, ಕೋಮಲ ಧೈವತ. ಹಾಗಂತ ರಾಗ ಅಂದುಕೊಂಡು ಕೇಳಬೇಡಿ, ಅದರ ನಡೆಯೇ ಬೇರೆ.

ಎರಡು, ಹಾಡು ಇರುವ ಒಂದು ದೊಡ್ಡ ರಚನೆ. ಮೊದಲು ಹಾಡು, ನಡುವೆ ಉದ್ದನೆಯ ವಾದ್ಯಭಾಗ, ಮತ್ತೆ ಹಾಡು. ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಕೊತೊ, ಶಮಿಸೆನ್ ನುಡಿಸುವವರೇ ಹಾಡುತ್ತಾರೆ. ಮೂರೂ ವಾದ್ಯ ಒಂದೇ ಹಾಡಿನ ದಾರಿಯಲ್ಲಿ ನಡೆಯುತ್ತವೆ, ಆದರೆ ಒಂದೇ ಹೆಜ್ಜೆಯಲ್ಲಲ್ಲ. ಒಂದು ಮುಂದೆ, ಒಂದು ಚೂರು ಹಿಂದೆ. ಗಾಯಕರ ಹಿಂದೆಯೇ ಬರುವ ಪಿಟೀಲನ್ನು ಕೇಳಿ ಬೆಳೆದ ನಮಗೆ ಇದು ಬೇಗ ಹಿಡಿಸುತ್ತದೆ. ಹಾಡಿನ ಸಾಹಿತ್ಯದ ಅನುವಾದವನ್ನು ಮುದ್ರಿಸಿ ಹಂಚಿ. ಅದನ್ನು ಓದುವಷ್ಟು ಬೆಳಕು ಸಭೆಯಲ್ಲಿ ಇರಲಿ.

ಮೂರು, 'ಹಾರು ನೊ ಉಮಿ', ಅಂದರೆ ವಸಂತದ ಕಡಲು. 1929ರಲ್ಲಿ ಮಿಯಾಗಿ ಮಿಚಿಯೊ ಕೊತೊ ಮತ್ತು ಶಕುಹಾಚಿಗಾಗಿ ಮಾಡಿದ್ದು. ಚಿಕ್ಕಂದಿನಲ್ಲೇ ಕಣ್ಣು ಕಳೆದುಕೊಂಡ ಇವರೇ 1921ರಲ್ಲಿ 17 ತಂತಿಯ ದೊಡ್ಡ ಕೊತೊ ಮಾಡಿಸಿದವರು. 1932ರಲ್ಲಿ ಫ್ರೆಂಚ್ ಪಿಟೀಲುಗಾರ್ತಿ ರೆನೆ ಶೆಮೆ ಶಕುಹಾಚಿಯ ಭಾಗವನ್ನು ಪಿಟೀಲಿಗೆ ಇಳಿಸಿ ಅವರ ಜೊತೆ ನುಡಿಸಿದರು. ಜಪಾನಿನಲ್ಲಿ ಹೊಸ ವರ್ಷ ಬಂತೆಂದರೆ ಎಲ್ಲೆಲ್ಲೂ ಇದೇ. ಸಭೆಯಲ್ಲಿ ಜಪಾನಿ ಅಜ್ಜ ಅಜ್ಜಿಯರಿದ್ದರೆ ಮೊದಲ ಮೀಟಿಗೇ ಅವರ ಮುಖ ಬದಲಾಗುವುದನ್ನು ನೋಡಬಹುದು.

ಬದುಕಿರುವ ಅಥವಾ ಇತ್ತೀಚಿನ ದಶಕಗಳಲ್ಲಿ ತೀರಿಕೊಂಡ ಸಂಯೋಜಕರ ರಚನೆ ಇದ್ದರೆ ಹಕ್ಕುಗಳ ಸಂಸ್ಥೆಗೆ ಪಟ್ಟಿ ಕೊಡಬೇಕು. ಹಳೆಯವಕ್ಕೆ ಆ ಚಿಂತೆ ಇಲ್ಲ.

ಪರಿಚಯದ ಮಾತಿಗೆ ನಾನು ಯಾವಾಗಲೂ ಬಳಸುವುದು ಇದು: 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಗಾಯನ ಇದೆ, ಅದೇ ತಟ್ಟೆಯಲ್ಲಿ ಯಾಮಗುಚಿ ಗೊರೊ ಅವರ ಶಕುಹಾಚಿಯೂ ಇದೆ. ನಮ್ಮ ಸಂಘದವರನ್ನು ಕರೆತರಲು ಇಷ್ಟು ಸಾಕಾಗಿದೆ.

6. ಆ ದಿನ

ಬೆಳಿಗ್ಗೆ ಹಾಲ್ ತೆಗೆಸಿ. ಉಷ್ಣಾಂಶ 20ರಿಂದ 22 ಡಿಗ್ರಿಯಲ್ಲಿ ನಿಲ್ಲಿಸಿ, ಆಮೇಲೆ ಯಾರೂ ಅದನ್ನು ಮುಟ್ಟಬಾರದು. ಚಳಿಯಲ್ಲಿ ಶಕುಹಾಚಿಯ ಶ್ರುತಿ ಇಳಿಯುತ್ತದೆ, ಬೆಚ್ಚಗಾದರೆ ಏರುತ್ತದೆ. ಉಳಿದ ಇಬ್ಬರು ಅದಕ್ಕೇ ಹೊಂದಿಸಿಕೊಳ್ಳಬೇಕು.

ಕಿಮೊನೊ ಉಡಲು ಸ್ವಚ್ಛ ನೆಲದ, ಉದ್ದ ಕನ್ನಡಿಯ ಕೋಣೆ, ಒಂದು ಗಂಟೆ. ಶಕುಹಾಚಿಗೆ ಕೈ ಇಲ್ಲದ ಕುರ್ಚಿ. ಊಟ ಕಛೇರಿಗೆ ಮೂರು ಗಂಟೆ ಮುಂಚೆ, ಹಗುರವಾಗಿ. ಬಿಸಿಬೇಳೆಬಾತ್ ಆಮೇಲೆ ಕೊಡೋಣ.

ರಚನೆ ಬದಲಾದಾಗ ಶ್ರುತಿ ಬದಲಾಗಬಹುದು, ಕುದುರೆಗಳನ್ನು ಸರಿಸಬೇಕು. ಎರಡು ಮೂರು ನಿಮಿಷ. ಆಗ ನಿರೂಪಕರು ಮೈಕ್ ಹಿಡಿದು ಜೋರಾಗಿ ಮಾತಾಡಿದರೆ ಅವರಿಗೆ ತಂತಿ ಕೇಳುವುದಿಲ್ಲ. ಮಾತು ಮುಗಿಸಿ, ಆಮೇಲೆ ಶ್ರುತಿಗೆ ಬಿಡಿ. ಸಭೆಗೂ ಹೇಳಿ: ಇದನ್ನೂ ಕೇಳಿ, ಸೊಗಸಾಗಿರುತ್ತದೆ.

ಚಪ್ಪಾಳೆ ಬಗ್ಗೆ ಒಂದೇ ಮಾತು. ಕೈಗಳು ವಾದ್ಯದಿಂದ ಇಳಿಯುವ ತನಕ ಕಾಯಿರಿ ಎಂದು ಶುರುವಿನಲ್ಲೇ ಕೇಳಿಕೊಳ್ಳಿ. ತಂತಿ ನಿಂತ ಮೇಲೂ ರಚನೆ ಮುಗಿದಿರುವುದಿಲ್ಲ.

7. ಮುಗಿದ ಮೇಲೆ

ಮಕ್ಕಳಿಗೆ ವಾದ್ಯ ಮುಟ್ಟುವ ಆಸೆ ಇರುತ್ತದೆ. ಅದಕ್ಕೆ ಕಲಾವಿದರ ವಾದ್ಯ ಬೇಡ, ಎರವಲು ತಂದ ಇನ್ನೊಂದು ಕೊತೊ ಇಡಿ. ಬೇರೆ ಬೇರೆ ಅಳತೆಯ ನಖಗಳಿರಲಿ. ಶಕುಹಾಚಿಗೆ ಪಿವಿಸಿ ಪೈಪಿನಿಂದ ಮಾಡಿದ ಅಭ್ಯಾಸದ ಕೊಳಲುಗಳು ಸಿಗುತ್ತವೆ. ಹತ್ತು ಜನರಲ್ಲಿ ಹೆಚ್ಚಿನವರಿಗೆ ಮೊದಲ ದಿನ ಸ್ವರವೇ ಬರುವುದಿಲ್ಲ. ಬಂದ ಮಗುವಿನ ಮುಖ ನೋಡಬೇಕು!

ವಾದ್ಯ ಕಟ್ಟುವ ಹೊತ್ತಿಗೆ ಕೋಣೆ ಖಾಲಿ ಮಾಡಿಸಿ. ಕೊತೊದ ಕುದುರೆಗಳನ್ನು ಒಂದೊಂದಾಗಿ ತೆಗೆದು ಎಣಿಸುತ್ತಾರೆ, ಆಗ ಫೋಟೋಗೆ ಕರೆಯಬೇಡಿ. 13 ಇರಬೇಕು. ಒಂದು ಕಡಿಮೆಯಾದರೆ ಟಾರ್ಚ್ ಹಿಡಿದು ನೀವೂ ನೆಲದಲ್ಲಿ ಹುಡುಕಿ.

ವಾಪಸ್ ಹೋಗುವ ದಿನ ಮಾಮೂಲಿ ಟ್ಯಾಕ್ಸಿ ಸಾಲದು, ವ್ಯಾನ್ ಹೇಳಿ. ವಿಮಾನ ನಿಲ್ದಾಣಕ್ಕೆ ನಾಲ್ಕು ಗಂಟೆ ಮುಂಚೆ ಹೊರಡಿ. ಕಾರ್ನೆಟ್‌ಗೆ ಹೊರಹೋಗುವ ಮುದ್ರೆ ಒತ್ತಿಸುವ ಕಸ್ಟಮ್ಸ್ ಕಚೇರಿ ಬೇರೆ ಕಟ್ಟಡದಲ್ಲಿ ಇರಬಹುದು, ಅದೆಲ್ಲಿದೆ ಎಂದು ಹಿಂದಿನ ದಿನವೇ ಫೋನ್ ಮಾಡಿ ತಿಳಿದುಕೊಳ್ಳಿ. ಪೆಟ್ಟಿಗೆಗಳನ್ನು ಚೆಕ್-ಇನ್‌ಗೆ ಕೊಡುವ ಮೊದಲೇ ಆ ಮುದ್ರೆ ಬೀಳಬೇಕು.